ಕಂಸಾಳೆಯ ಸೀಮೆಯಲ್ಲಿ ಆಕಾಶವಾಣಿ

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ದೇವರಗುಡ್ಡರು ಮಾದಪ್ಪನ ಕಥೆ ಹಿಡಿದರೆ ಒಂದು ರಾತ್ರಿಗೆ ಮುಗಿಯುವುದಿಲ್ಲ. ಶ್ರವಣ ದೊರೆಯ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಸಾಲಿನ ಮೇಲೆ ಸಾಲು. ರೇಡಿಯೊದವರು ಕೊಡುವುದೋ ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಹಾಡುಗಾರರು ಮೈಸೂರು ಆಕಾಶವಾಣಿಯನ್ನು ತಮ್ಮದೆಂದೇ ತಿಳಿದವರು. ಈ ಸೀಮೆಗೂ ಆ ಕೇಂದ್ರಕ್ಕೂ ಇರುವ ನಂಟು ಎಂಥದ್ದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಯಂತ್ರದ ಬಲ ಬರೀ 30 ವ್ಯಾಟ್. ಮನೆಯ ಒಂದು ಬಲ್ಬಿಗೂ ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದ ಕಾಲ. ಆ ಖಾಸಗಿ ಸಾಹಸಕ್ಕೆ ಅವರು ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ಆಯಿತು. 1942ರಲ್ಲಿ ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಸಂಸ್ಥಾನವೊಂದು ತನ್ನ ಜನರ ಭಾಷೆಯಲ್ಲಿ, ತನ್ನ ಸಂಗೀತಗಾರರನ್ನೂ ಕವಿಗಳನ್ನೂ ಮುಂದಿಟ್ಟುಕೊಂಡು ಬಾನುಲಿ ನಡೆಸಿದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಆಗ ಕೊಳ್ಳೇಗಾಲ ಮೈಸೂರಿನದಾಗಿರಲಿಲ್ಲ. ಟಿಪ್ಪು ಮಡಿದ ಮೇಲೆ ಬ್ರಿಟಿಷರ ಪಾಲಾಗಿ, ಕೊಯಮತ್ತೂರು ಜಿಲ್ಲೆಗೆ ಸೇರಿ, ಮದರಾಸಿನ ಆಡಳಿತದಲ್ಲಿತ್ತು. ಇಂದಿನ ಹನೂರು ತಾಲ್ಲೂಕೂ ಅದರ ಒಳಗೇ. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಮೈಸೂರಿನ ನೆಲ. ಒಂದೇ ಮಾತು, ಒಂದೇ ದೇವರು, ಒಂದೇ ಜಾತ್ರೆ. ಸರ್ಕಾರ ಮಾತ್ರ ಎರಡು. ಕೊಳ್ಳೇಗಾಲದವರ ಸರ್ಕಾರಿ ರೇಡಿಯೊ ಎಂದರೆ 1938ರ ಮದರಾಸು ಕೇಂದ್ರ, 1939ರ ತಿರುಚ್ಚಿ ಕೇಂದ್ರ. ಕನ್ನಡದ ಮನೆಗಳಿಗೆ ಅವು ಎಷ್ಟು ಹತ್ತಿರವಾದಾವು?

1950ರಲ್ಲಿ ಮೈಸೂರು ಕೇಂದ್ರ ಆಲ್ ಇಂಡಿಯಾ ರೇಡಿಯೊದ ಭಾಗವಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಅದಾದ ಒಂದು ವರ್ಷಕ್ಕೆ, 1956ರ ನವೆಂಬರ್ 1ರಂದು, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಲ್ಲೂಕು ಬರುವ ಹೊತ್ತಿಗೆ ಕೇಂದ್ರ ಹೋಗಿತ್ತು. ಮೈಸೂರಿನಲ್ಲಿ ಮತ್ತೆ ಕೇಂದ್ರ ತೆರೆದದ್ದು 1974ರ ನವೆಂಬರ್ 14ರಂದು. ನಡುವಿನ ಸುಮಾರು ಹತ್ತೊಂಬತ್ತು ವರ್ಷ ಈ ಸೀಮೆಯ ಕಿವಿ ಬೆಂಗಳೂರಿನ ಕಡೆಗಿತ್ತು. ಆ ಕೇಂದ್ರದ ಗ್ರಾಮೀಣ ಕಾರ್ಯಕ್ರಮದ ‘ಈರಣ್ಣ’ನಾಗಿ ಎ.ಎಸ್. ಮೂರ್ತಿಯವರು ಹಳ್ಳಿಹಳ್ಳಿಗೂ ಪರಿಚಿತರಾದರು. ಸರ್ಕಾರದ ಯಂತ್ರವೊಂದು ರೈತನೊಡನೆ ಅವನ ಮಾತಿನಲ್ಲೇ ಮಾತಾಡಬಲ್ಲದು ಎಂದು ಜನ ಕಂಡದ್ದು ಹಾಗೆ.

ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಗಳಲ್ಲಿ ರೇಡಿಯೊಗೆ ಬೇರೆಯದೇ ಸ್ಥಾನ. ಕೈ ಲಾಳಿಯ ಮೇಲೆ, ಕಾಲು ತುಳಿಹಲಗೆಯ ಮೇಲೆ, ಕಣ್ಣು ಎಳೆಯ ಮೇಲೆ; ಬಿಡುವಾಗಿರುವುದು ಕಿವಿಯೊಂದೇ. ಬೆಳಗಿನ ಸಂಸ್ಕೃತ ವಾರ್ತೆ, ಪ್ರದೇಶ ಸಮಾಚಾರ, ಚಿತ್ರಗೀತೆ, ಸಂಜೆಯ ಕೃಷಿರಂಗ ಎಂದು ದಿನದ ಹೊತ್ತನ್ನು ಕಾರ್ಯಕ್ರಮಗಳಿಂದಲೇ ಅಳೆಯುತ್ತಿದ್ದ ಕಾಲವೊಂದಿತ್ತು. ಶಾಸ್ತ್ರೀಯ ಸಂಗೀತದ ಸಭೆಗೆ ಎಂದೂ ಕಾಲಿಡದವರು ರಾಗ ಗುರುತು ಹಿಡಿಯಲು ಕಲಿತದ್ದೂ ಈ ಪೆಟ್ಟಿಗೆಯಿಂದಲೇ.

ಇನ್ನು ಕಂಸಾಳೆಯವರ, ಅಂದರೆ ಆ ದೇವರಗುಡ್ಡರ ವಿಚಾರ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ತಲೆಯ ಮೇಲೆ, ಬೆನ್ನ ಹಿಂದೆ, ಕಾಲಡಿ ಬೀಸಿ ಬಡಿಯುವುದನ್ನು ನೋಡುವುದೇ ಒಂದು ಸೊಗಸು. ಸ್ಟುಡಿಯೊದಲ್ಲಿ ಆ ಕುಣಿತಕ್ಕೆ ಜಾಗವಿಲ್ಲ. ಕಂಚಿನ ದನಿ ಹಾಡನ್ನು ನುಂಗದಂತೆ ತಾಳದವರು ಮೈಕಿನಿಂದ ದೂರ ನಿಲ್ಲಬೇಕು, ಮುಂದಾಳು ಹತ್ತಿರ ಬರಬೇಕು. ಕೇಳುಗನಿಗೆ ಉಳಿಯುವುದು ಕಥೆ, ಸೊಲ್ಲು, ಹಿಮ್ಮೇಳ. ಕುಣಿತದ ಬೆರಗು ಮರೆಯಾದಾಗ ಹಾಡಿನ ಮಾತು ಎಷ್ಟು ಗಟ್ಟಿಯೆಂಬುದು ಕಿವಿಗೆ ಬೀಳುತ್ತದೆ. ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರಿಗೂ ಈ ಮಾತು ಸಲ್ಲುತ್ತದೆ.

ಆಕಾಶವಾಣಿಯ ಆಡಿಷನ್ ಪಾಸಾಗಿ ‘ಬಿ’, ‘ಬಿ ಹೈ’, ‘ಎ’ ಶ್ರೇಣಿ ಪಡೆಯುವುದು ಹಳ್ಳಿಯ ಕಲಾವಿದನಿಗೆ ದೊಡ್ಡ ಮರ್ಯಾದೆ. ಭಿಕ್ಷಾಪಾತ್ರೆ ಹಿಡಿದು ಮನೆಮನೆ ತಿರುಗಿ ಹಾಡುವವನನ್ನು ಕಲಾವಿದನೆಂದು ಕರೆದು, ಹೆಸರು ಹೇಳಿ, ಸಂಭಾವನೆ ಕೊಟ್ಟ ಸಂಸ್ಥೆಗಳು ನಮ್ಮಲ್ಲಿ ಬಹಳವಿಲ್ಲ. ಪೇಟೆಯ ಓದುಬರಹದವರು ಒರಟೆಂದು ಕಡೆಗಣಿಸಿದ ಈ ಸೀಮೆಯ ನುಡಿ ಅಂಥ ಹಾಡುಗಳೊಂದಿಗೇ ನಾಡಿನ ಮನೆಗಳನ್ನು ಹೊಕ್ಕಿತು. ನನ್ನ ಮಟ್ಟಿಗೆ ಮೈಸೂರು ಕೇಂದ್ರದ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಕೊರತೆಯನ್ನೂ ಹೇಳಬೇಕು. ರಾತ್ರಿಯಿಡೀ ಹಾಡುವ ಸಾಲನ್ನು ಹದಿನೈದು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ತುಣುಕು. ಟೇಪು ಅಳಿಸಿ ಮತ್ತೆ ಬಳಸುವ ರೂಢಿಯಿಂದ ಬಾನುಲಿ ಕೇಂದ್ರಗಳು ಕಳೆದುಕೊಂಡ ದನಿಗಳು ಎಷ್ಟೋ. ಮೈಸೂರಿನ 100.6 ಎಫ್.ಎಂ. ಅಲೆ ಬಯಲಿನಲ್ಲಿ ಸಲೀಸಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗ್ಗರಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳೂ ಹನೂರಿನ ಕಾಡಂಚಿನ ಊರುಗಳೂ ಇರುವುದು ಇಂಥ ಗುಡ್ಡಗಳ ನಡುವೆ.

ಐರ್ಲೆಂಡಿನವರು 1972ರಲ್ಲಿ ಐರಿಷ್ ಭಾಷೆಗೆಂದೇ ರೇಡಿಯೊ ತೆರೆದಾಗ ಕೇಂದ್ರವನ್ನು ರಾಜಧಾನಿ ಡಬ್ಲಿನ್‌ನಲ್ಲಿ ಇಡಲಿಲ್ಲ. ಆ ಭಾಷೆಯಾಡುವ ಪಶ್ಚಿಮದ ಹಳ್ಳಿಗಾಡಿಗೇ ಒಯ್ದರು. ಅಷ್ಟು ದೂರವೇಕೆ, ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಕಾಡಂಚಿನ ಜನರಿಗಾಗಿ ನಡೆಸುತ್ತಿದೆ. ಸೋಲಿಗರ ಹಾಡು, ನೀಲಗಾರರ ಕಥೆ, ರೇಷ್ಮೆಯ ಮಗ್ಗ ಮೂರೂ ಇರುವ ಈ ತಾಲ್ಲೂಕುಗಳೂ ಅಂಥ ಕೇಂದ್ರಕ್ಕೆ ಅರ್ಹವಾಗಿವೆ.

ಅದು ಬರುವವರೆಗೆ ಮೈಸೂರು ಆಕಾಶವಾಣಿಯವರಲ್ಲಿ ಒಂದು ಕೋರಿಕೆ: ಜನವರಿಯಲ್ಲಿ ನೀಲಗಾರರು ಸೇರುವ ಚಿಕ್ಕಲ್ಲೂರಿನ ಜಾತ್ರೆಗೆ ಐದು ದಿನವೂ ಬನ್ನಿ, ಒಂದು ಕಥೆಯನ್ನಾದರೂ ಮೊದಲಿಂದ ಕೊನೆಯವರೆಗೆ ಮುದ್ರಿಸಿಕೊಳ್ಳಿ, ಅಳಿಸದೆ ಇಡಿ. ಓದುಗರೂ ಜಾನಪದ ಕಾರ್ಯಕ್ರಮ ಕೇಳಿ ಕೇಂದ್ರಕ್ಕೆ ನಾಲ್ಕು ಸಾಲು ಬರೆಯಲಿ. ಕೇಳುಗರ ಪತ್ರಕ್ಕೆ ಅಲ್ಲಿ ಇಂದಿಗೂ ಬೆಲೆಯಿದೆ.