ಇದ್ದಿಲೊಲೆಯ ಬ್ರಷ್ ಒಲೆಗಷ್ಟೇ ಇರಲಿ

ಅಕ್ಕತಂಗಿಯರೇ, ಮಾಗಡಿ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೇ ಕಬ್ಬಿಣದ ಇದ್ದಿಲೊಲೆ ಇನ್ನೂ ಕೂತಿರುತ್ತದೆ. ಜೋಳ ಸುಡಲೆಂದು ಇಳಿಸಿದಿರಾ? ಮೊದಲು ಬೂದಿಯನ್ನೆಲ್ಲ ಕೆರೆದು ತೆಗೆಯಿರಿ. ತೇವ ಹಿಡಿದ ಬೂದಿ ಕಬ್ಬಿಣವನ್ನು ತಿನ್ನುತ್ತದೆ. ಜಾಲರಿಯ ಜಿಡ್ಡನ್ನು ಕೆಂಡದ ಮೇಲೆ ಕಾಯಿಸಿ ಸುಟ್ಟು, ತಣಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ. ತುಕ್ಕಿಗೆ ಹುಣಸೆಹುಳಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ ತೊಳೆಯಿರಿ. ಹಚ್ಚಿಟ್ಟು ಮರೆತರೆ ಹುಳಿ ಕಬ್ಬಿಣವನ್ನೂ ಬಿಡುವುದಿಲ್ಲ. ಬಿಸಿಲಲ್ಲಿ ಒಣಗಿಸಿ ತೆಳ್ಳಗೆ ಅಡುಗೆ ಎಣ್ಣೆ ಬಳಿಯಿರಿ. ಕನ್ನಡಿಯಂತೆ ಹೊಳೆಯಬೇಕಿಲ್ಲ, ಕಪ್ಪಗೆ ನುಣುಪಾಗಿದ್ದರೆ ಸಾಕು.

ಬ್ರಷ್ ಕೈಯಲ್ಲೇ ಇದೆಯೆಂದು ಹಾಲಿನ ಕ್ಯಾನನ್ನೂ ಉಜ್ಜೀರಿ ಜೋಕೆ! ಗೀರು ಬಿದ್ದಲ್ಲಿ ಹಾಲು ಪದರಗಟ್ಟಿ ರೋಗಾಣು ಬೆಳೆಯುತ್ತದೆ. ಹಾಲು ಹುಳಿಯಾಗಿ ಡೇರಿಯಿಂದ ವಾಪಸಾದರೆ ಆ ಹೊತ್ತಿನ ದುಡ್ಡು ಹೋದಂತೆ. ಬೂದಿಯೂ ಬೇಡ. ಕ್ಯಾನನ್ನು ಮೊದಲು ಉಗುರುಬೆಚ್ಚನೆ ನೀರಿನಲ್ಲಿ ಜಾಲಿಸಿ. ಕುದಿನೀರು ಹಾಕಿದರೆ ಹಾಲಿನ ಪ್ರೋಟೀನ್ ಅಂಟಿಕೊಳ್ಳುತ್ತದೆ. ಆಮೇಲೆ ಪಾತ್ರೆ ತೊಳೆಯುವ ಪುಡಿ ಬೆರೆಸಿದ ಬಿಸಿನೀರು, ಮೆದು ಬ್ರಷ್. ಚೆನ್ನಾಗಿ ಜಾಲಿಸಿ ಬೋರಲು ಹಾಕಿ. ಅಲ್ಯುಮಿನಿಯಂ ಕ್ಯಾನಾದರೆ ವಾಷಿಂಗ್ ಸೋಡಾ ಮುಟ್ಟಿಸಬೇಡಿ.

ಇನ್ನೊಂದು ಮಾತು. ಚಳಿಯೆಂದು ಕೆಂಡದೊಲೆಯನ್ನು ಬಾಗಿಲು ಮುಚ್ಚಿದ ಕೋಣೆಗೆ ಒಯ್ಯಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದಲ್ಲೇ ಪ್ರಾಣ ತೆಗೆಯುತ್ತದೆ.