ಶರದೃತುವಿನ ಸಂಜೆ: ಪುಸ್ತಕ, ಕೌದಿ ಮತ್ತು ಸುಖೀ ಸಂಸಾರ



ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ ಆಶ್ವಯುಜ, ಕಾರ್ತಿಕ ಮಾಸಗಳನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಈ ಎರಡು ತಿಂಗಳ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಎರೆಹೊಲದಲ್ಲಿ ಬಿಳಿಜೋಳದ ಬಿತ್ತನೆ ನಡೆದಿರುತ್ತದೆ. ದೇವದುರ್ಗದ ಕಡೆ ಹತ್ತಿ ಬಿರಿಯತೊಡಗುತ್ತದೆ. ಮಾನ್ವಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ತೆನೆ ಹೊತ್ತಿರುತ್ತದೆ. ಹಗಲು ದುಡಿಮೆಗೆ ಸಲ್ಲುತ್ತದೆ. ಆದರೆ ಕತ್ತಲು ಬೇಗ ಕವಿಯುವುದರಿಂದ ಸಂಜೆ ಒಂದು ತಾಸು ಮನೆಯವರೆಲ್ಲರ ಪಾಲಿಗೆ ಉಳಿಯುತ್ತದೆ. ಆ ಒಂದು ತಾಸನ್ನು ಸಂಸಾರದ ಸುಖಕ್ಕೆ ಬಳಸುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ಬಿಡುವು ಇಬ್ಬರಿಗೂ ಸೇರಿದ್ದು

ಹೊಲದಿಂದ ಬಂದ ಗಂಡ ಕಟ್ಟೆಗೆ ಹೋಗಿ ಕುಳಿತರೆ ಅವನಿಗೆ ಬಿಡುವು ದೊರೆಯಿತು. ಅದೇ ಹೊಲದಿಂದ ಬಂದ ಹೆಂಡತಿ ನೀರು ತಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಿಸುವಷ್ಟರಲ್ಲಿ ರಾತ್ರಿಯಾಗುತ್ತದೆ. ಗರ್ಭಿಣಿಗೆ ಮತ್ತು ಬಾಣಂತಿಗೆ ವಿಶ್ರಾಂತಿಯು ಅನ್ನದಷ್ಟೇ ಅವಶ್ಯಕ. ಆದುದರಿಂದ ಗಂಡನು ನೀರು ತರುವುದು, ಮಗುವನ್ನು ಎತ್ತಿಕೊಳ್ಳುವುದು ಮೊದಲಾದ ಕೆಲಸಗಳಲ್ಲಿ ಪಾಲುಗೊಂಡರೆ ಇಬ್ಬರೂ ಒಟ್ಟಿಗೆ ಕುಳಿತುಕೊಳ್ಳಲು ಸಮಯ ದೊರೆಯುತ್ತದೆ. ಇದರಿಂದ ಗಂಡಸಿನ ಮರ್ಯಾದೆಗೆ ಕುಂದಿಲ್ಲ.

ಓದು

ನಮ್ಮ ಸೀಮೆ ಅಕ್ಷರಕ್ಕೆ ಹೊಸದಲ್ಲ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದ್ದರು. ಹೀಗಿದ್ದೂ 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ ಇದ್ದರು. ಓದಲು ಬಾರದವರು ಕೇಳಬಲ್ಲರು. ಮನೆಯಲ್ಲಿ ಓದು ಬಲ್ಲ ಒಬ್ಬರು, ಅದು ಶಾಲೆಗೆ ಹೋಗುವ ಮಗಳೇ ಆಗಿರಲಿ, ಗಟ್ಟಿಯಾಗಿ ಓದಿದರೆ ಉಳಿದವರೆಲ್ಲರೂ ಕೇಳಬಹುದು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯಲಾಗುತ್ತಿದ್ದು, ದಸರೆಯ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕಳುಹಿಸಿರಿ.

ಕಥೆಯ ಪುಸ್ತಕದ ಜೊತೆಗೆ ಗಂಡಹೆಂಡಿರು ಕೂಡಿ ಓದಲೇಬೇಕಾದ ಇನ್ನೊಂದು ಪುಸ್ತಕವಿದೆ. ಅದು ತಾಯಿ ಕಾರ್ಡು. ಮುಂದಿನ ತಪಾಸಣೆ ಎಂದು, ಮಗುವಿಗೆ ಯಾವ ಲಸಿಕೆ ಬಾಕಿ ಇದೆ, ಎಂಬುದೆಲ್ಲ ಅದರಲ್ಲಿರುತ್ತದೆ. ದೀಪಾವಳಿಯ ಬಳಿಕ ದುಡಿಮೆಗಾಗಿ ಗುಳೆ ಹೋಗುವವರು ಆ ಕಾರ್ಡನ್ನು ಮರೆಯದೆ ಜೊತೆಗೊಯ್ಯಬೇಕು. ಅದನ್ನು ತೋರಿಸಿದರೆ ಬೇರೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಲಸಿಕೆಯನ್ನು ಮುಂದುವರಿಸಬಹುದು.

ಕೌದಿ

ಚಳಿ ಬರುವ ಮುನ್ನ ಕೌದಿ ಹೊಲಿಯಲು ಇದು ತಕ್ಕ ಕಾಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಿ. ದೊಡ್ಡ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ತುಂಡುಗಳನ್ನು ಪದರವಾಗಿ ಜೋಡಿಸಿ, ದಪ್ಪ ನೂಲಿನಿಂದ ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಬರಬೇಕು. ಅತ್ತೆ, ಸೊಸೆ, ನೆರೆಯವರು ಕೂಡಿ ಕುಳಿತರೆ ಕೆಲಸ ಬೇಗ ಸಾಗುತ್ತದೆ. ಹುಟ್ಟಲಿರುವ ಮಗುವಿಗಾಗಿ ಮೃದುವಾದ ಹತ್ತಿಬಟ್ಟೆಯಿಂದ ಚಿಕ್ಕ ಕೌದಿಯನ್ನೂ ಕುಲಾವಿಯನ್ನೂ ಸಿದ್ಧಪಡಿಸಿಕೊಳ್ಳಬಹುದು.

ಕೆಲವು ಎಚ್ಚರಿಕೆಗಳು ಅಗತ್ಯ. ಮಂದ ಬೆಳಕಿನಲ್ಲಿ ಹೊಲಿದರೆ ಕಣ್ಣು ದಣಿಯುತ್ತದೆ. ಗರ್ಭಿಣಿಯು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರದೆ ಆಗಾಗ ಎದ್ದು ಅಡ್ಡಾಡಬೇಕು. ಸೂಜಿಗಳನ್ನು ಎಣಿಸಿ ಡಬ್ಬಿಯಲ್ಲಿಟ್ಟು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕೂಸಿನ ಮುಖದ ಮೇಲೆ ಕೌದಿಯನ್ನು ಎಂದಿಗೂ ಹೊದಿಸಬಾರದು.

ಸೊಳ್ಳೆ ಮತ್ತು ಊಟ

ಮಳೆ ನಿಂತ ಮೇಲೆ ನೀರು ಅಲ್ಲಲ್ಲಿ ಉಳಿದು ಸೊಳ್ಳೆ ಹೆಚ್ಚುತ್ತದೆ. ಡೆಂಗೀ ಹರಡುವ ಸೊಳ್ಳೆಯು ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿಯೇ ಮೊಟ್ಟೆಯಿಟ್ಟು, ಹಗಲಿನಲ್ಲಿ ಕಚ್ಚುತ್ತದೆ. ವಾರಕ್ಕೊಮ್ಮೆ ಕೊಡ, ತೊಟ್ಟಿ, ಡ್ರಮ್ಮುಗಳನ್ನು ಬರಿದುಮಾಡಿ ತಿಕ್ಕಿ ತೊಳೆದು ಮುಚ್ಚಿಡಿರಿ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುತ್ತಿಯ ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಶೇಂಗಾ ಇವು ಹಬ್ಬಕ್ಕಷ್ಟೇ ಮೀಸಲಲ್ಲ. ದಿನವೂ ತಾಯಿಯ ಎಡೆಗೆ ಬೀಳಬೇಕು. ಗರ್ಭಿಣಿಯು ಇವುಗಳ ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನೂ ತಪ್ಪದೆ ಸೇವಿಸಬೇಕು.

ಮಗಳ ಶಾಲೆ, ಮನೆಯ ಮಾತು

ಹತ್ತಿ ಬಿಡಿಸುವ ಕಾಲ ಬಂದಿತೆಂದು ಮಗಳನ್ನು ಶಾಲೆ ಬಿಡಿಸಬೇಡಿರಿ. 6ರಿಂದ 14 ವರ್ಷದ ಮಕ್ಕಳಿಗೆ 2009ರ ಕಾಯಿದೆಯು ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಒಂದು ಹಂಗಾಮಿನ ಕೂಲಿ ಆ ಹಂಗಾಮಿಗೇ ಮುಗಿಯುತ್ತದೆ. ಓದು ಬಾಳಿನುದ್ದಕ್ಕೂ ಉಳಿಯುತ್ತದೆ. ಓದುವ ಹುಡುಗಿಯ ಮದುವೆಯ ಮಾತನ್ನು 18 ತುಂಬುವ ಮೊದಲು ಎತ್ತಲೂಬಾರದು.

ಕೈಯಲ್ಲಿ ಹೊಲಿಗೆ ಇರುವಾಗ ಮನಸ್ಸು ಹಗುರವಾಗಿ, ಹೇಳಲಾಗದ ಮಾತುಗಳೂ ಹೊರಬರುತ್ತವೆ. ಇನ್ನೊಂದು ಮಗು ಬೇಕೆ, ಯಾವಾಗ ಬೇಕು, ಎಂಬುದನ್ನು ಗಂಡಹೆಂಡಿರು ಹೀಗೆ ಕುಳಿತೇ ನಿರ್ಧರಿಸಬೇಕು. ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿದ್ದರೆ ತಾಯಿಯ ಮೈ ಚೇತರಿಸಿಕೊಳ್ಳುತ್ತದೆ, ಮಗುವಿಗೆ ಎದೆಹಾಲು ಮತ್ತು ಅಕ್ಕರೆ ಸಾಕಷ್ಟು ದೊರೆಯುತ್ತವೆ. ನಿರೋಧ್, ನುಂಗುವ ಮಾತ್ರೆ, ವಂಕಿ ಮೊದಲಾದ ವಿಧಾನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿವೆ. ಆಶಾ ಕಾರ್ಯಕರ್ತೆಯನ್ನು ಸಂಕೋಚವಿಲ್ಲದೆ ಕೇಳಿರಿ.

ಈ ವರ್ಷ ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಹಾರೈಸುವಾಗ, ಸಂಜೆಯ ಒಂದು ತಾಸನ್ನು ಪರಸ್ಪರರಿಗೆ ಕೊಡುವ ಮಾತನ್ನೂ ಕೊಡಿರಿ.