ಮಕ್ಕಳೂ ಬಿದರಿಯ ಬೆಳ್ಳಿಗೆರೆಯೂ

ಊರಿನಿಂದ ನೆಂಟರು ಬಂದರೆಂದರೆ ಹೈದರಾಬಾದಿನ ಕನ್ನಡ ಮನೆಗಳವರು ಒಂದು ದಿನವನ್ನು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆಂದು ಮೀಸಲಿಡುವುದು ವಾಡಿಕೆ. 30ಕ್ಕೂ ಹೆಚ್ಚಿನ ಗ್ಯಾಲರಿಗಳನ್ನು ಎರಡು ಗಂಟೆಗಳಲ್ಲಿ ಮುಗಿಸಿ ಹೊರಬಂದ ಮಕ್ಕಳನ್ನು “ಏನೇನು ನೋಡಿದಿರಿ?” ಎಂದು ಕೇಳಿದರೆ, “ಗೊಂಬೆ ಬಂದು ಗಂಟೆ ಹೊಡೆಯುವ ಗಡಿಯಾರ” ಎಂಬ ಒಂದೇ ಉತ್ತರ ಬರುತ್ತದೆ. ಮಕ್ಕಳ ತಪ್ಪೇನೂ ಇಲ್ಲ. ಎಲ್ಲವನ್ನೂ ನೋಡಲು ಹೊರಟವರಿಗೆ ಯಾವುದೂ ಕಾಣುವುದಿಲ್ಲ.

ಆದುದರಿಂದ ಈ ಸಲ ನಾವು ನಾಲ್ಕು ಮನೆಯವರು ಕೂಡಿ ಒಂದು ನಿಯಮ ಮಾಡಿಕೊಂಡೆವು. ನೋಡುವುದು ಒಂದೇ ಬಗೆಯ ವಸ್ತು. ಅದನ್ನು ಪೆನ್ಸಿಲಿನಿಂದ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮನೆಗೆ ಬಂದು ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಕುಳಿತು ಏನಾದರೊಂದನ್ನು ಮಾಡುವುದು.

ಸಂಗ್ರಹಾಲಯದ ಕತೆಯನ್ನು ಮಕ್ಕಳಿಗೆ ಬಸ್ಸಿನಲ್ಲಿಯೇ ಹೇಳಿದೆವು. ಮೂರನೆಯ ಸಾಲಾರ್ ಜಂಗರಾದ ಮೀರ್ ಯೂಸುಫ್ ಅಲಿ ಖಾನರು ಚಿಕ್ಕ ವಯಸ್ಸಿನಲ್ಲಿಯೇ ನಿಜಾಮರ ದಿವಾನರಾಗಿ, 1914ರಲ್ಲಿ ಆ ಪದವಿಯನ್ನು ಬಿಟ್ಟು, ಉಳಿದ ಆಯುಷ್ಯವನ್ನು ಕಲಾವಸ್ತುಗಳನ್ನು ಕೂಡಿಡುವುದರಲ್ಲಿ ಕಳೆದರು. ಅವರಿಗೆ ಮದುವೆಯಾಗಿರಲಿಲ್ಲ. 1949ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಮನೆಯಾದ ದಿವಾನ್ ದೇವಡಿಯಲ್ಲಿಯೇ 1951ರಲ್ಲಿ ಸಂಗ್ರಹಾಲಯ ತೆರೆಯಿತು. ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ.

ಮುಸುಕಿನ ರೆಬೆಕ್ಕಳಿಗೆ ದೂರದಿಂದಲೇ ನಮಸ್ಕಾರ ಹೇಳಿ, ನಾವು ನೇರವಾಗಿ ಬಿದರಿ ಸಾಮಾನುಗಳ ಬಳಿಗೆ ನಡೆದೆವು. ಕಾರಣವಿದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ತೆಲುಗು ಬೀದಿಯ ಮಾತು, ಇಂಗ್ಲಿಷು ಶಾಲೆಯ ಮಾತು, ಕನ್ನಡ ಅಡಿಗೆಮನೆಯ ಮಾತು. ಕರ್ನಾಟಕವೆಂದರೆ ಬೇಸಗೆ ರಜೆಯಲ್ಲಿ ಹೋಗುವ ಅಜ್ಜನ ಮನೆ, ಅಷ್ಟೆ. ಇಂಥ ಮಕ್ಕಳಿಗೆ ಹೈದರಾಬಾದಿನ ನಡುವೆಯೇ ನಮ್ಮ ನಾಡಿನ ಕೈಗೆಲಸ ಗೌರವದಿಂದ ಕುಳಿತಿರುವುದನ್ನು ತೋರಿಸಬೇಕಾಗಿತ್ತು. ಬೀದರ್ ಇಲ್ಲಿಗೆ ಸುಮಾರು 140 ಕಿಲೋಮೀಟರ್. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದು ರಾಜ್ಯದ್ದೇ ಜಿಲ್ಲೆಯಾಗಿತ್ತು.

ಮಕ್ಕಳು ಇತರರಿಗೆ ಅಡ್ಡಿಯಾಗದಂತೆ ಬದಿಗೆ ನಿಂತು, ಒಬ್ಬನು ಹುಕ್ಕದ ಬುಡವನ್ನೂ ಒಬ್ಬಳು ತಟ್ಟೆಯನ್ನೂ ಬರೆಯತೊಡಗಿದರು. ಬರೆಯುವ ಕಣ್ಣೇ ಬೇರೆ. ಸುಮ್ಮನೆ ನೋಡಿದಾಗ ‘ಹೂವು’ ಎಂದಷ್ಟೇ ಕಂಡದ್ದು, ಬರೆಯಹೊರಟಾಗ ಎಷ್ಟು ಎಸಳು, ಬಳ್ಳಿ ಎಲ್ಲಿ ತಿರುಗಿತು ಎಂಬ ಲೆಕ್ಕ ಕೇಳುತ್ತದೆ. ಅರ್ಧ ಗಂಟೆಯಾದ ಮೇಲೆ ನಾವು ಕಾದಿದ್ದ ಪ್ರಶ್ನೆ ಬಂತು: “ಅಪ್ಪಾ, ಬೆಳ್ಳಿಗೆ ಯಾಕೆ ಕಪ್ಪು ಹತ್ತಿಲ್ಲ?”

ಬಿದರಿಯ ಗುಟ್ಟೇ ಅದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಬಿಸಿಮಾಡಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಕಸುಬು ಹಳೆಯದಾದರೂ ಸತ್ತಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಇದಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ದೊರೆಯಿತು.

ಮನೆಯಲ್ಲಿ ಎರಕ ಹೊಯ್ಯಲಾದೀತೆ? ಆದರೆ ಅದೇ ಉಪಾಯವನ್ನು ಕಾಗದದ ಮೇಲೆ ಮಾಡಬಹುದು. ದಪ್ಪ ಬಿಳಿ ಕಾಗದದ ಮೇಲೆ ಬಿಳಿಯ ಮೇಣದಬತ್ತಿಯಿಂದ ಒತ್ತಿ ಚಿತ್ರ ಬರೆಯಬೇಕು. ಮೇಲೆ ಕಪ್ಪು ಬಣ್ಣವನ್ನು ನೀರಾಗಿ ಕಲಸಿ ಕುಂಚದಿಂದ ಬಳಿಯಬೇಕು. ಮೇಣ ನೀರನ್ನು ಹಿಡಿಯದು. ಕಾಗದ ಕಪ್ಪಾಗಿ, ಗೆರೆಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ.

ಸಂಜೆ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ ಎಲ್ಲರೂ ಕುಳಿತೆವು. ವಾರವೆಲ್ಲ ಕಚೇರಿಯಲ್ಲಿ ಕಡತ ತಿರುವುವ ನಮ್ಮ ಕೈಗಳಿಗೆ ಒಂದು ಎಲೆಯೂ ನೆಟ್ಟಗೆ ಬರಲಿಲ್ಲವೆಂದು ಮಕ್ಕಳು ಮನಸಾರೆ ನಕ್ಕರು. ಬಿಳಿಯ ಮೇಲೆ ಬಿಳಿ. ಬರೆದ ಗೆರೆ ಬರೆದವರಿಗೇ ಕಾಣದು. ನಮ್ಮಲ್ಲಿ ಒಬ್ಬರ ತಾಯಿಯವರು ಮಾತ್ರ ಚುಕ್ಕಿಯಿಟ್ಟು ಸರಾಗವಾಗಿ ಎಳೆ ಎಳೆದರು. ತೆಲುಗು ಬಾರದೆ, ಮಗನ ಮನೆಯ ಮೂಲೆಯಲ್ಲಿ ಹೆಚ್ಚು ಮಾತಿಲ್ಲದೆ ಇರುವವರು ಅವರು. ಬಣ್ಣ ಬಳಿದಾಗ ಕಪ್ಪಿನೊಳಗಿಂದ ಇಡೀ ರಂಗೋಲಿ ಮೂಡಿಬಂತು. “ಅಜ್ಜೀ, ನಂಗೂ ಹೇಳಿಕೊಡು!” ಎಂದು ಮಕ್ಕಳೆಲ್ಲ ಅವರನ್ನು ಸುತ್ತುವರಿದರು. ಚುಕ್ಕಿ, ಎಳೆ, ಸುತ್ತು, ಬಳ್ಳಿ ಎಂಬ ಮಾತುಗಳನ್ನು ಅಂದು ಅವರು ಕಲಿತದ್ದು ಪಾಠದಿಂದಲ್ಲ.

ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂದು ನಾವು ಸಭೆಗಳಲ್ಲಿ ಬಹಳ ಚರ್ಚಿಸುತ್ತೇವೆ. ಚರ್ಚೆಯೂ ಬೇಕು. ಅದರ ಜೊತೆಗೆ ಒಂದು ಭಾನುವಾರ, ಒಂದು ಮೇಣದಬತ್ತಿ, ಮನೆಯ ಹಿರಿಯರೊಬ್ಬರು ಇದ್ದರೆ ಎಷ್ಟೋ ಕೆಲಸವಾದೀತು. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ ಎಂಬುದನ್ನು ವಾಚಕರು ನೆನಪಿಡಬೇಕು. ಮುಂದಿನ ರಜೆಯಲ್ಲಿ ಬೀದರಿಗೇ ಹೋಗಿ ಆ ಕೋಟೆಯ ಮಣ್ಣನ್ನು ನೋಡಬೇಕೆಂದು ಮಕ್ಕಳ ಠರಾವಾಗಿದೆ. ಜೊತೆಗೂಡುವ ಮನೆಗಳಿಗೆ ಸ್ವಾಗತ.